ದೂರವನ್ನು ಎಲ್ಲಿಂದ ಅಳೆಯಬೇಕು?

ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನು ಎಣಿಸುವವರು, ಗೋಲದ ಮೇಲೆ ದಾರವನ್ನು ಬಿಗಿಯಾಗಿ ಎಳೆದಂತೆ, ಅತಿ ಸಮೀಪದ ಮಾರ್ಗವನ್ನೇ ಹಿಡಿಯುವರು. ಈ ಲೆಕ್ಕದಿಂದ ಅಮೇರಿಕೆಯ ಸಾನ್‌ಫ್ರಾನ್ಸಿಸ್ಕೋ ಪಟ್ಟಣಕ್ಕೂ ಬೆಂಗಳೂರಿಗೂ ಸುಮಾರು ೧೪,೦೦೦ ಕಿಲೋಮೀಟರು ಆಗುವದು. ೨೦೨೧ನೆಯ ಜನವರಿ ೯ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರಧ್ರುವದ ಮಾರ್ಗವಾಗಿ, ನಡುವೆ ಎಲ್ಲಿಯೂ ಇಳಿಯದೆ, ೧೧ರ ಬೆಳಗಿನ ಜಾವ ಬೆಂಗಳೂರನ್ನು ಮುಟ್ಟಿತು. ಆ ಕಾಲದಲ್ಲಿ ನಮ್ಮ ಗಡಿಯಾರವು ಅವರದಕ್ಕಿಂತ ಹದಿಮೂರೂವರೆ ತಾಸು ಮುಂದಿರುವದರಿಂದ, ಹಾರಾಟಕ್ಕೆ ಹಿಡಿದದ್ದು ಸುಮಾರು ೧೭ ತಾಸು ಮಾತ್ರ. ಅದನ್ನು ನಡಿಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲರೂ ಅವರ ಸಂಗಡಿಗರಾದ ಮೂವರು ಸ್ತ್ರೀಯರೂ ಎಂಬದು ನಮ್ಮ ಪಾಠಶಾಲೆಯ ಹೆಣ್ಣುಮಕ್ಕಳಿಗೆ ಹರ್ಷದ ಸಂಗತಿಯಾಗಿರುವದು.

ಇನ್ನು ನಮ್ಮ ಸೀಮೆಯ ಮಾತು. ೨೦೧೯ನೆಯ ನವೆಂಬರ್ ೨೨ರಂದು ಕಲಬುರಗಿಯ ವಿಮಾನ ನಿಲ್ದಾಣವು ತೆರೆಯಲ್ಪಟ್ಟಿತು. ಬೆಂಗಳೂರಿಗೆ ಆಕಾಶಮಾರ್ಗವು ಸುಮಾರು ೪೬೦ ಕಿಲೋಮೀಟರು. ಹಾರಾಟವು ಒಂದು ತಾಸಿಗಿಂತ ತುಸು ಹೆಚ್ಚು. ರೈಲಿನಲ್ಲಿ ರಾತ್ರಿಯೆಲ್ಲ ಕಳೆಯುತ್ತಿದ್ದ ನಮಗೆ ಇದು ಸೋಜಿಗವೇ ಆಯಿತು. ಆದರೆ ನಿಲ್ದಾಣವಿರುವದು ನಗರದ ಮೂಡಲಿಗೆ, ಶ್ರೀನಿವಾಸ ಸರಡಗಿಯ ಬಳಿಯಲ್ಲಿ. ಆಳಂದವು ವಾಯವ್ಯಕ್ಕೆ, ಅಫಜಲಪುರವು ಪಡುವಲಿಗೆ, ಜೇವರ್ಗಿಯು ತೆಂಕಲಿಗೆ. ಅಫಜಲಪುರದ ಒಳಹಳ್ಳಿಯವರು ಬಸ್ಸಿಗೆ ಕಾದು, ನಗರವನ್ನು ದಾಟಿ, ನಿಲ್ದಾಣದಲ್ಲಿ ತಪಾಸಣೆಯನ್ನು ಮುಗಿಸುವಷ್ಟರಲ್ಲಿ ಹಾರಾಟದ ಕಾಲವು ಹಲವು ಪಟ್ಟು ಕಳೆದುಹೋಗುವದು. ಆದಕಾರಣ ಹಾರಾಟದ ಕಾಲವೇ ಬೇರೆ, ಪ್ರಯಾಣದ ಕಾಲವೇ ಬೇರೆ. ದೂರವನ್ನು ಮನೆಯ ಹೊಸ್ತಿಲಿನಿಂದಲೇ ಅಳೆಯತಕ್ಕದ್ದೆಂದು ನಮ್ಮ ಅಭಿಪ್ರಾಯ.

ಹಾಗೆ ಅಳೆದರೆ ನಮ್ಮ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಉದ್ದವಾದ ದಾರಿಯು ಹೈಸ್ಕೂಲಿನ ದಾರಿಯೇ. ಮಗನು ಅಮೇರಿಕೆಗೆ ಹೊರಟರೆ ‘ಹದಿನೇಳು ತಾಸಿನ ಹಾದಿ, ಅದೇನು ಮಹಾ’ ಎನ್ನುವ ಮನೆಯಲ್ಲಿಯೇ, ಮಗಳು ಐದಾರು ಮೈಲಿನ ಶಾಲೆಗೆ ಹೋಗುವೆನೆಂದರೆ ‘ಬಹಳ ದೂರವಾಯಿತು, ಬೇಡ’ ಎನ್ನುವರು. ೨೦೨೩ನೆಯ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಆರಂಭವಾಗಿ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೀಟಿನ ಖರ್ಚು ತಪ್ಪಿತು. ಆದರೂ ಸಂಜೆಯ ಬಸ್ಸು ತಪ್ಪಿದರೆ ಏನು ಗತಿಯೆಂಬ ತಾಯಿಯ ಅಂಜಿಕೆಯು ಉಳಿದಿದೆ, ಅದು ಸುಳ್ಳಲ್ಲ. ಆದರೆ ಅದಕ್ಕಾಗಿ ಮಗಳ ಓದನ್ನು ನಿಲ್ಲಿಸುವದು ನ್ಯಾಯವಲ್ಲ. ಒಂದೂರಿನ ಹುಡುಗಿಯರನ್ನು ಜೊತೆಗೂಡಿಸಿ ಕಳುಹಿಸಬಹುದು. ಶಾಲೆಯ ವೇಳೆಗೆ ಬಸ್ಸು ಬೇಕೆಂದು ಊರವರೆಲ್ಲರೂ ಕೂಡಿ ಅರ್ಜಿ ಕೊಡಬಹುದು. ಇದಾವುದೂ ಸಾಗದಿದ್ದರೆ ವಸತಿಗೃಹದಲ್ಲಿ ಇರಿಸಬಹುದು.

ಶೆಬದ ರಾಣಿಯು ಸೊಲೊಮೋನನ ಜ್ಞಾನವನ್ನು ಕೇಳುವದಕ್ಕಾಗಿ ದೂರದೇಶದಿಂದ ಬಂದಳೆಂದು ಸತ್ಯವೇದದಲ್ಲಿ ಓದುತ್ತೇವೆ. ದಾರಿಯು ಬಹು ದೂರವೆಂದು ಆಕೆಯನ್ನು ಯಾರೂ ತಡೆಯಲಿಲ್ಲ. ದೂರದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನೀವು ಊರಿಗೆ ಬಂದಾಗ, ಮಗಳ ಶಾಲೆಯನ್ನು ಬಿಡಿಸಲಿರುವ ಒಬ್ಬ ತಂದೆಯ ಮನೆಗಾದರೂ ಹೋಗಿ ಮಾತಾಡಿರಿ. ತಾಯಿತಂದೆಗಳೇ, ಮೊದಲಿನ ಐದು ಮೈಲುಗಳನ್ನು ನಿಮ್ಮ ಮಗಳಿಗೆ ದಾಟಿಸಿ ಕೊಡಿರಿ. ಮುಂದಿನ ದಾರಿಯಲ್ಲಿ ದೇವರು ಆಕೆಯ ಸಂಗಡ ಇರುವನು.