ಹಣೆಪಟ್ಟಿಯನ್ನು ಓದಬೇಕು, ಊಹಿಸಬಾರದು

ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಬರಿದೆ ‘೯.೮’ ಎಂದು ಉತ್ತರ ಬರೆದರೆ ಭೌತಶಾಸ್ತ್ರದ ಅಧ್ಯಾಪಕನು ಅಂಕ ಕಳೆಯುತ್ತಾನೆ. ‘ಏನು ೯.೮? ದೂರವೇ, ಕಾಲವೇ, ವೇಗೋತ್ಕರ್ಷವೇ?’ ಎಂಬುದು ಅವನ ಪ್ರಶ್ನೆ. ಇದು ಕೇವಲ ಹಟವೆಂದು ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಭಾವಿಸಿರುವರು. ಈ ಹಟವು ಆಸ್ಪತ್ರೆಯ ಗಣಕಯಂತ್ರಕ್ಕೆ ಎಷ್ಟು ಅವಶ್ಯಕವೆಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಇಂದು ರೋಗಿಯ ವಿವರಗಳು ಒಂದು ಆಸ್ಪತ್ರೆಯ ಗಣಕದಿಂದ ಇನ್ನೊಂದರ ಗಣಕಕ್ಕೆ ಹೋಗುವುದುಂಟು. ಇದಕ್ಕಾಗಿ, ೧೯೮೭ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಎಚ್‌ಎಲ್ ೭ ಎಂಬ ಸಂಸ್ಥೆಯು ‘ಫೈರ್’ ಎಂಬ ನಿಯಮಾವಳಿಯನ್ನು ರೂಪಿಸಿದೆ. ೨೦೨೧ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಸಹ ಇದನ್ನೇ ಅಂಗೀಕರಿಸಿದೆ. ಇದರಲ್ಲಿ ರೋಗಿಯ ಪರಿಚಯ, ರಕ್ತಪರೀಕ್ಷೆಯ ಫಲ, ಔಷಧಿಯ ಚೀಟಿ ಮೊದಲಾದವು ಬೇರೆಬೇರೆ ದಾಖಲೆಗಳಾಗಿ, ಒಂದೇ ಗಂಟಿನಲ್ಲಿಯೂ ಬರಬಹುದು. ಜೇಸನ್ ರೂಪದಲ್ಲಿ ಬರುವ ಪ್ರತಿಯೊಂದು ದಾಖಲೆಗೂ ‘ರಿಸೋರ್ಸ್‌ಟೈಪ್’ ಎಂಬ ಹಣೆಪಟ್ಟಿ ಇರಲೇಬೇಕು. ಅದರಲ್ಲಿ ‘ಪೇಷೆಂಟ್’ ಎಂದಿದ್ದರೆ ರೋಗಿಯ ಪರಿಚಯ. ‘ಅಬ್ಸರ್ವೇಷನ್’ ಎಂದಿದ್ದರೆ ತಪಾಸಣೆಯ ಫಲ.

ಅವಸರದಲ್ಲಿ ಪ್ರೋಗ್ರಾಮು ಬರೆಯುವವರು ಈ ಪಟ್ಟಿಯನ್ನು ಓದದೆ, ‘ಹೆಸರು, ಲಿಂಗ, ಜನ್ಮದಿನಾಂಕಗಳಿವೆ, ಆದುದರಿಂದ ಇದು ರೋಗಿಯ ದಾಖಲೆ’ ಎಂದು ತರ್ಕಿಸುವುದುಂಟು. ಆದರೆ ವೈದ್ಯರ ಪರಿಚಯವನ್ನು ಹೇಳುವ ‘ಪ್ರ್ಯಾಕ್ಟಿಷನರ್’ ದಾಖಲೆಯಲ್ಲಿಯೂ ಈ ಮೂರೂ ಇರಬಹುದು. ಊಹೆಯನ್ನು ನಂಬಿದ ಪ್ರೋಗ್ರಾಮು, ಚಿಕಿತ್ಸೆ ನೀಡಿದ ವೈದ್ಯರನ್ನೇ ರೋಗಿಗಳ ಪಟ್ಟಿಗೆ ಸೇರಿಸೀತು!

ತಪಾಸಣೆಯ ಫಲದಲ್ಲಿಯೂ ಹಲವು ಬಗೆಗಳುಂಟು. ರಕ್ತದ ಸಕ್ಕರೆಯು ಏಕಮಾನಸಹಿತವಾದ ಪರಿಮಾಣ. ರಕ್ತದ ಗುಂಪು ಒಂದು ಸಂಕೇತ. ಕೆಲವು ಫಲಗಳು ಬರಿಯ ಮಾತುಗಳು. ಪರಿಮಾಣವನ್ನು ಬರಿಯ ಸಂಖ್ಯೆಯೆಂದು ತಿಳಿದರೆ ಆಗುವುದೇನು? ಸಕ್ಕರೆ ‘೧೮’ ಎಂದಿರಲಿ. ಅದು ಲೀಟರಿಗೆ ೧೮ ಮಿಲಿಮೋಲ್ ಆದರೆ, ಡೆಸಿಲೀಟರಿಗೆ ಸುಮಾರು ೩೨೪ ಮಿಲಿಗ್ರಾಂ; ಸಕ್ಕರೆ ಬಹಳ ಏರಿದೆ. ಡೆಸಿಲೀಟರಿಗೆ ೧೮ ಮಿಲಿಗ್ರಾಂ ಆದರೆ, ಸಕ್ಕರೆ ಪ್ರಾಣಾಪಾಯವಾಗುವಷ್ಟು ಇಳಿದಿದೆ. ಮೊದಲನೆಯವನಿಗೆ ಸಕ್ಕರೆಯನ್ನು ಇಳಿಸಬೇಕು, ಎರಡನೆಯವನಿಗೆ ಕೂಡಲೇ ಸಕ್ಕರೆ ಕೊಡಬೇಕು. ಸಂಖ್ಯೆ ಒಂದೇ, ಚಿಕಿತ್ಸೆ ತದ್ವಿರುದ್ಧ.

ಯಂತ್ರದ ಊಹೆಯಿಂದಾದ ಹಾನಿಗೆ ಪ್ರಸಿದ್ಧವಾದ ನಿದರ್ಶನವೊಂದಿದೆ. ‘ಮಾರ್ಚ್ ೧’, ‘ಸೆಪ್ಟ್ ೨’ ಎಂಬ ಸಂಕ್ಷಿಪ್ತನಾಮದ ಮಾನವ ಜೀನ್‌ಗಳಿದ್ದವು. ಎಕ್ಸೆಲ್ ಪ್ರೋಗ್ರಾಮು ಇವನ್ನು ದಿನಾಂಕಗಳೆಂದು ಬಗೆದು, ಕೇಳದೆಯೇ ಬದಲಾಯಿಸಿಬಿಡುತ್ತಿತ್ತು. ಪ್ರಕಟಿತ ಸಂಶೋಧನಾ ಲೇಖನಗಳ ಪಟ್ಟಿಗಳಲ್ಲಿಯೂ ಈ ತಪ್ಪು ನುಸುಳಿತು. ಕಡೆಗೆ ಜೀನ್‌ಗಳ ನಾಮಕರಣ ಸಮಿತಿಯು ಇಂತಹ ಹೆಸರುಗಳನ್ನೇ ಬದಲಿಸಬೇಕಾಯಿತು. ೨೦೨೦ರಲ್ಲಿ ಅದನ್ನು ಪ್ರಕಟಿಸಿತು. ಯಂತ್ರದ ತಪ್ಪಿಗೆ ವಿಜ್ಞಾನವು ತಲೆಬಾಗಿದ ಪ್ರಸಂಗವಿದು.

‘ಹಣೆಪಟ್ಟಿಯಿಲ್ಲದ ಹಳೆಯ ದಾಖಲೆಗಳೂ ಇವೆ; ಅವುಗಳೆದುರು ಪ್ರೋಗ್ರಾಮು ನಿಂತುಬಿಟ್ಟರೆ ಆಸ್ಪತ್ರೆ ನಡೆಯುವುದೆಂತು?’ ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದುದೇ. ಆದರೆ ಎಲ್ಲವನ್ನೂ ನಿಲ್ಲಿಸಬೇಕಾಗಿಲ್ಲ. ಬಗೆ ತಿಳಿಯದ ಒಂದು ದಾಖಲೆಯನ್ನು ಬೇರೆಯಿಟ್ಟು, ‘ಇದೇನೆಂದು ನನಗೆ ತಿಳಿಯದು’ ಎಂದು ಬಲ್ಲವರ ಮುಂದಿಟ್ಟರಾಯಿತು. ಉಳಿದವು ಮುಂದೆ ಸಾಗಲಿ. ಇದರಿಂದ ತುಸು ಹೊತ್ತು ವಿಳಂಬವಾದೀತು. ಆದರೆ ಮೌನವಾಗಿ ಮಾಡಿದ ಊಹೆಯು ತಪ್ಪಾದಾಗ ಯಾರಿಗೂ ತಿಳಿಯುವುದೇ ಇಲ್ಲ. ಅದರ ಫಲವನ್ನು ಉಣ್ಣುವವನು ಮಾತ್ರ ರೋಗಿ.

ಇಂತಹ ಪ್ರೋಗ್ರಾಮುಗಳನ್ನು ನಾಳೆ ಬರೆಯತಕ್ಕವರು ಇಂದಿನ ವಿದ್ಯಾರ್ಥಿಗಳೇ. ಏಕಮಾನವಿಲ್ಲದ ಉತ್ತರಕ್ಕೆ ಅಂಕ ಕಳೆದ ಅಧ್ಯಾಪಕನನ್ನು ಅಂದು ಅವರು ಕ್ಷಮಿಸುವರೆಂದು ನಂಬಿದ್ದೇನೆ.