ಒಂದು ಪಾತ್ರೆ, ಎರಡು ಅಡುಗೆ

ಮಾಲೂರಿನಿಂದ ಬಂದಿದ್ದ ನಮ್ಮ ಅತ್ತಿಗೆಯವರ ಜೊತೆ ಕೋಲಾರದ ಪೇಟೆ ಸುತ್ತಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. "ಇನ್ನು ಮನೆಗೆ ಹೋಗಿ ಒಲೆ ಹಚ್ಚೋದು ಯಾವಾಗ? ಬನ್ನಿ, ನಮ್ಮ ಬೀದಿಯ ಮುದ್ದೆ ಹೋಟೆಲಿನಲ್ಲೇ ಉಂಡುಬಿಡೋಣ" ಎಂದೆ. ಅತ್ತಿಗೆ ಮೂಗಿನ ಮೇಲೆ ಬೆರಳಿಟ್ಟರು. "ದಿನಾ ಮನೇಲಿ ತೊಳಸೋ ಮುದ್ದೇನ ದುಡ್ಡು ಕೊಟ್ಟು ತಿನ್ನೋದಾ? ನೋಡಿದೋರು ನಕ್ಕಾರು!"

ನೀವೂ ಹೀಗೇ ಅನ್ನುವವರಲ್ಲವೇ? ಫ್ರಾನ್ಸ್ ದೇಶದ ಸಂಗತಿ ಕೇಳಿ. ಅಲ್ಲಿ ಓಣಿಯ ಚಿಕ್ಕ ಹೋಟೆಲಿಗೆ 'ಬಿಸ್ಟ್ರೋ' ಎನ್ನುತ್ತಾರೆ. ಆ ದಿನದ ಅಡುಗೆಯನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಅಲ್ಲಿನ ರೂಢಿ. ಸಿಗುವುದು ಬಹುಮಟ್ಟಿಗೆ ಮನೆಯಡುಗೆಯೇ. 'ಪೊತೊಫೊ' ಎಂಬುದೊಂದಿದೆ, ಒಲೆಯ ಮೇಲಿನ ಗಡಿಗೆ ಎಂದರ್ಥ. ಮಾಂಸ, ತರಕಾರಿ ಒಟ್ಟಿಗೆ ನಿಧಾನವಾಗಿ ಬೇಯಿಸಿ, ಮೊದಲು ಬಸಿದ ಸಾರು ಕುಡಿಯುತ್ತಾರೆ. ಆಮೇಲೆ ಬೆಂದದ್ದನ್ನು ಸಾಸಿವೆ ಗೊಜ್ಜಿನೊಡನೆ ತಿನ್ನುತ್ತಾರೆ. ನಮ್ಮ ಬಸ್ಸಾರಿಗೆ ಇದು ದೂರದ ಅಕ್ಕನೇ ಸರಿ!

ನಮ್ಮ ಮುಂದೆಯೂ ಬಸ್ಸಾರು, ಪಲ್ಯ, ಹೊಗೆಯಾಡುವ ಮುದ್ದೆ ಬಂದವು. "ಇನ್ನೊಂದು ಇಕ್ಲಾ ಅಕ್ಕಾ?" ಎಂದು ಹುಡುಗ ಕೇಳಿದ. ಬೇಡವೆಂದಿದ್ದ ಅತ್ತಿಗೆ ಎರಡು ಮುದ್ದೆ ಉಂಡರು. ಕೈ ತೊಳೆಯುತ್ತಾ ಮೆಲ್ಲಗೆ ಅಂದರು: "ಬಿಸಿ ಮುದ್ದೆ ಉಂಡು ಎಷ್ಟು ವರ್ಷವಾಯ್ತೋ ಕಣಮ್ಮಾ."

ನನ್ನ ಗಂಟಲು ಕಟ್ಟಿತು. ಎಲ್ಲರಿಗೂ ಬಿಸಿಬಿಸಿಯಾಗಿ ಇಕ್ಕಿ, ಕೊನೆಗೆ ನಾವು ಉಣ್ಣುವುದು ಆರಿ ಗಟ್ಟಿಯಾದ ಮುದ್ದೆಯನ್ನೇ ತಾನೇ?

ಬಸ್ಸಾರು ಮಾಡುವ ಬಗೆ: ಒಂದು ಲೋಟ ಹೆಸರುಕಾಳನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪು, ಉಪ್ಪು ಹಾಕಿ ಮತ್ತೆ ಬೇಯಿಸಿರಿ. ನೀರನ್ನು ಬಸಿದಿಡಿ, ಚೆಲ್ಲಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ತೆಂಗಿನತುರಿ, ಹುಣಸೆಹಣ್ಣು, ಒಂದು ಸೌಟು ಬೆಂದ ಸೊಪ್ಪುಕಾಳಿನೊಡನೆ ರುಬ್ಬಿ, ಬಸಿದ ನೀರಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಸಾಸಿವೆ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ.

ಹೋಟೆಲಿಗೇ ಹೋಗಬೇಕೆಂದಿಲ್ಲ. ಭಾನುವಾರವಾದರೂ ಎಲ್ಲರೊಡನೆ ಕೂತು, ಮೊದಲ ಮುದ್ದೆಯನ್ನು ನಿಮ್ಮ ತಟ್ಟೆಗೆ ಹಾಕಿಸಿಕೊಳ್ಳಿ. ಯಾರಾದರೂ ನಕ್ಕರೆ ನಗಲಿ ಬಿಡಿ!