ಪಾಕ ಇಳಿಸೋ ಹೊತ್ತು ಮತ್ತು ಕ್ವಾಂಟಮ್ ಚುಕ್ಕಿ

ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ತಾಯಿ ಬರೆದಿದ್ದಾರೆ: "ಮಗಳು ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದಾಳೆ ಅಕ್ಕಾ. ಬೆಂಗಳೂರಲ್ಲಿ ಕಂಪನಿ ಕೆಲಸ ಸಿಕ್ಕಿದೆ. ಅದು ಬೇಡ, ಕ್ವಾಂಟಮ್ ಡಾಟ್ ಮೇಲೆ ಪಿಎಚ್.ಡಿ. ಮಾಡ್ತೀನಿ ಅಂತಾಳೆ. ಅವರಪ್ಪ 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಕಳಕೊಂಡೋರು. ಅದೇನು ವಿದ್ಯೆ, ಅದರಲ್ಲಿ ಅನ್ನ ಇದೆಯಾ?"

ಹೆಸರು ಗಾಬರಿ ಹುಟ್ಟಿಸುತ್ತೆ, ನಿಜ. ವಿಷಯ ಅಷ್ಟು ದೂರದ್ದಲ್ಲ. ಸಿಲಿಕಾನ್, ಕ್ಯಾಡ್ಮಿಯಂ ಸೆಲೆನೈಡ್‌ನಂಥವನ್ನ ಅರೆವಾಹಕ ಅಂತಾರೆ. ಅಂಥ ಅರೆವಾಹಕದ ಹರಳನ್ನ ಕೆಲವೇ ನ್ಯಾನೊಮೀಟರ್‌ಗೆ ಇಳಿಸಿದರೆ ಅದೇ ಕ್ವಾಂಟಮ್ ಚುಕ್ಕಿ. ನಮ್ಮ ಒಂದು ತಲೆಗೂದಲ ದಪ್ಪವೇ ಸುಮಾರು 80,000 ನ್ಯಾನೊಮೀಟರ್, ಲೆಕ್ಕ ಹಾಕಿಕೊಳ್ಳಿ. ಅಷ್ಟು ಇಕ್ಕಟ್ಟಿನಲ್ಲಿ ಎಲೆಕ್ಟ್ರಾನ್‌ಗೆ ಕೈಕಾಲು ಚಾಚೋಕೆ ಜಾಗ ಇರಲ್ಲ. ಹಾಗಾಗಿ ವಸ್ತು ಅದೇ ಇದ್ದರೂ ಗಾತ್ರ ಬದಲಾದರೆ ಬಣ್ಣ ಬದಲಾಗುತ್ತೆ. ಕ್ಯಾಡ್ಮಿಯಂ ಸೆಲೆನೈಡ್ 2 ನ್ಯಾನೊಮೀಟರ್ ಆಸುಪಾಸಿನಲ್ಲಿ ನೀಲಿ ಬೆಳಕು ಕೊಟ್ಟರೆ 6ರ ಹತ್ತಿರ ಕೆಂಪು. (ನಿಮ್ಮೂರಿನ ಚಿನ್ನವೂ ನ್ಯಾನೊ ಪುಡಿಯಾದಾಗ ನೀರಿನಲ್ಲಿ ಮಾಣಿಕ್ಯದ ಕೆಂಪು ತೋರುತ್ತೆ. ಅದು ಲೋಹ, ಕಾರಣ ಬೇರೆ. ಆದರೂ ಹೇಳದೆ ಇರೋಕಾಗಲಿಲ್ಲ!)

ಮಾಡೋದು ಹೇಗೆ? ಬೆಲ್ಲದ ಪಾಕ ತೆಗೆದ ಕೈಗೆ ಇದು ತಕ್ಷಣ ಅರ್ಥವಾಗುತ್ತೆ. ಸುಮಾರು 300 ಡಿಗ್ರಿಗೆ ಕಾದ ದ್ರಾವಣಕ್ಕೆ ಇನ್ನೊಂದನ್ನ ಸಿರಿಂಜಿನಲ್ಲಿ ಒಮ್ಮೆಲೇ ಚುಚ್ಚುತ್ತಾರೆ. ಹರಳು ಹುಟ್ಟಿ ಬೆಳೆಯುತ್ತಾ ಹೋದಂತೆ ಬಣ್ಣ ಹಳದಿ, ಕಿತ್ತಳೆ, ಕೆಂಪು ಆಗುತ್ತೆ. ಬೇಕಾದ ಹದಕ್ಕೆ ಇಳಿಸಬೇಕು. ಒಂದೆಳೆ ಪಾಕ ಕೈತಪ್ಪಿ ಗಟ್ಟಿಯಾದರೆ ಚಿಕ್ಕಿ ಆದೀತು, ಇಲ್ಲಿ ತಡವಾದರೆ ಬೇರೆ ಬಣ್ಣವೇ ಆಗಿಬಿಡುತ್ತೆ. ಈ ದಾರಿ ತೋರಿಸಿದ್ದು ಮೌಂಗಿ ಬವೆಂಡಿ, 1993ರಲ್ಲಿ. ಅವರಿಗೂ ಲೂಯಿ ಬ್ರಸ್, ಅಲೆಕ್ಸಿ ಎಕಿಮೊವ್ ಅವರಿಗೂ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಹತ್ತಿರಕ್ಕೆ ಬರೋಣ. 1976ರಲ್ಲಿ ಸಿ.ಎನ್.ಆರ್. ರಾವ್ ಐಐಟಿ ಕಾನ್ಪುರದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಘನವಸ್ತುಗಳ ರಸಾಯನಶಾಸ್ತ್ರಕ್ಕೇ ಒಂದು ವಿಭಾಗ ಕಟ್ಟಿದರು. ಅಲ್ಲಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದ ಡಿ.ಡಿ. ಶರ್ಮ ಮುಂದೆ ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾದರು. ಶರ್ಮರ ಪ್ರಬಂಧಗಳ ಪಟ್ಟಿ ಉದ್ದ ಇದೆ, ಪಟ್ಟಿ ಎಣಿಸೋ ಹುಚ್ಚು ನನಗಿಲ್ಲ. ಒಂದನ್ನ ಮಾತ್ರ ಹೇಳ್ತೀನಿ.

ಚುಕ್ಕಿಯೊಳಗೆ ಚೂರು ಮ್ಯಾಂಗನೀಸ್ ಸೇರಿಸಿದರೆ ಕಿತ್ತಳೆ-ಕೆಂಪು ಬೆಳಕೇ ಬರೋದು ಅಂತ ಎಲ್ಲ ಕಡೆ ಅಳೆದು ಬರೆದಿದ್ದರು. ಅವರೆಲ್ಲ ಅಳೆದದ್ದು ಅಸಂಖ್ಯ ಚುಕ್ಕಿಗಳ ರಾಶಿಯನ್ನ. ಶರ್ಮ ಮತ್ತು ಜೊತೆಗಾರರು ಒಂದೊಂದೇ ಚುಕ್ಕಿಯನ್ನ ಬೇರೆ ಮಾಡಿ ನೋಡಿದರು. ಕಡು ಹಸಿರಿನಿಂದ ಕಡು ಕೆಂಪಿನವರೆಗೂ ಬಣ್ಣ ಸಿಕ್ಕಿತು! ಮ್ಯಾಂಗನೀಸ್ ಹರಳಿನ ಯಾವ ಮೂಲೆಯಲ್ಲಿ ಕೂತಿದೆ ಅನ್ನೋದರ ಮೇಲೆ ಬಣ್ಣ. ಗುಂಪಿನಲ್ಲಿ ಎಲ್ಲ ಬೆರೆತು ಕಿತ್ತಳೆ ಕಾಣ್ತಿತ್ತು, ಅಷ್ಟೆ. ಇದು 2013ರಲ್ಲಿ ಪ್ರಕಟವಾಯ್ತು. ಅವರ ಶಿಷ್ಯೆ ರಂಜನಿ ವಿಶ್ವನಾಥ ಈಗ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಇಂಥದ್ದೇ ಚುಕ್ಕಿಗಳ ಮೇಲೆ ಕೆಲಸ ಮಾಡ್ತಾರೆ. ಆ ಕೇಂದ್ರವನ್ನ 1989ರಲ್ಲಿ ಕಟ್ಟಿದ್ದೂ ರಾವ್ ಅವರೇ. ಹೀಗೆ ಮೂರು ತಲೆಮಾರು, ಎಲ್ಲಾ ಬೆಂಗಳೂರಲ್ಲೇ. ನಿಮ್ಮ ಮಗಳು ಮಾರಿಕುಪ್ಪಂ ರೈಲು ಹತ್ತಿದರೆ ಆಯ್ತು.

ಅನ್ನದ ಮಾತು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ; 2023ರ ಜನವರಿಯಿಂದ ಜಾರಿಯಾದ ದರ ಇದು. ಅಂದರೆ ಓದಿಸೋಕೆ ನೀವು ಸಾಲ ಮಾಡಬೇಕಿಲ್ಲ. ಆದರೆ ಐದಾರು ವರ್ಷ ಹಿಡಿಯುತ್ತೆ, ಮುಗಿದ ಕೂಡಲೇ ಕೆಲಸ ಕಾದು ಕೂತಿರುತ್ತೆ ಅಂತ ನಾನು ಹೇಳಲಾರೆ. ಜೆಆರ್‌ಎಫ್ ಇಲ್ಲದೆ, "ಆಮೇಲೆ ನೋಡೋಣ" ಅನ್ನೋ ಕಡೆ ಸೇರೋದಾದರೆ ಕಂಪನಿ ಕೆಲಸವೇ ವಾಸಿ.

ಇನ್ನೊಂದು. ಕ್ಯಾಡ್ಮಿಯಂ ವಿಷ. ಸೈನೈಡ್ ದಿಬ್ಬದ ಧೂಳು ಕುಡಿದ ಊರಿನವರಿಗೆ ಇದನ್ನ ವಿವರಿಸಬೇಕಿಲ್ಲ. ಬದಲಿಗೆ ಇಂಡಿಯಂ ಫಾಸ್ಫೈಡ್ ಚುಕ್ಕಿ ಬಳಸೋ ಟಿವಿಗಳೂ ಬಂದಿವೆ, ಆದರೆ ಪ್ರಯೋಗಾಲಯದಲ್ಲಿ ಕ್ಯಾಡ್ಮಿಯಂ ಇನ್ನೂ ಇದೆ. ಸೇರೋ ಮುಂಚೆ ಮಗಳು ಒಂದು ಸಲ ಲ್ಯಾಬ್ ನೋಡಿ ಬರಲಿ. ಹೊಗೆ ಎಳೆಯೋ ಫ್ಯೂಮ್ ಹುಡ್ ಓಡ್ತಿದೆಯಾ, ಉಳಿದ ದ್ರಾವಣ ಎಲ್ಲಿಗೆ ಹೋಗುತ್ತೆ, ಗೈಡ್‌ನ ಹಳೇ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಇಷ್ಟು ಕೇಳಲಿ. ಕಂಪನಿಯವರ ಹತ್ತಿರ ಒಂದು ತಿಂಗಳು ಸಮಯ ಕೇಳೋದರಲ್ಲೂ ತಪ್ಪಿಲ್ಲ. ಅವಳು ಏನು ಮಾಡಿದಳು ಅಂತ ಮತ್ತೆ ಬರೆಯಿರಿ.